ದೊಡ್ಡಿಯ ದನ, ಊರಿನ ವಿಳಾಸ: ಒಡೆಯರಪಾಳ್ಯದ ಸೀಮೆಯಲ್ಲಿ ಪಶುಪಾಲಕರ ನೋಂದಣಿ

ಪಶುಚಿಕಿತ್ಸಾಲಯಕ್ಕೆ ದನ ಹೊಡೆದುಕೊಂಡು ಬಂದವನ ಹೆಸರನ್ನೂ ಊರನ್ನೂ ಬರೆದುಕೊಳ್ಳುವುದು ಮೇಲುನೋಟಕ್ಕೆ ಅತ್ಯಲ್ಪವಾದ ಕಾರ್ಯ. ಒಡೆಯರಪಾಳ್ಯದ ಸುತ್ತಣ ಸೀಮೆಯಲ್ಲಿ ಅದು ಹಾಗಿಲ್ಲ. ಇದಕ್ಕೆ ಚಾರಿತ್ರಿಕವಾದ ಕಾರಣಗಳುಂಟು.

ಕೊಳ್ಳೇಗಾಲವು 1799ರ ತರುವಾಯ ಕಂಪನಿಯ ವಶವಾಗಿ, 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದುದರಿಂದ ಬ್ರಿಟಿಷ್ ಇಂಡಿಯಾದ 1871ರ ಜಾನುವಾರು ಅತಿಕ್ರಮ ಕಾಯಿದೆ ಇಲ್ಲಿಗೂ ಅನ್ವಯಿಸಿತು. ಅದರ 8ನೆಯ ಪ್ರಕರಣದಂತೆ ದೊಡ್ಡಿಯ ಪಾಲಕನು ದನಗಳ ಸಂಖ್ಯೆ, ಲಕ್ಷಣ, ತಂದ ದಿನ ಮತ್ತು ವೇಳೆ, ಹಿಡಿದು ತಂದವನ ಹೆಸರು ಹಾಗೂ ವಾಸಸ್ಥಳ, ಗೊತ್ತಿದ್ದಲ್ಲಿ ಒಡೆಯನ ಹೆಸರು ಹಾಗೂ ವಾಸಸ್ಥಳ, ಇಷ್ಟನ್ನು ಬರೆದಿಡಬೇಕು. ಇಲ್ಲಿ ವಿಳಾಸವನ್ನು ಕೇಳಿದ್ದು ಮದ್ದು ಕೊಡುವುದಕ್ಕಲ್ಲ, ದಂಡ ವಸೂಲು ಮಾಡುವುದಕ್ಕೆ. ದೊಡ್ಡಿ ಎಂಬ ಶಬ್ದಕ್ಕೂ ಈ ಸೀಮೆಯಲ್ಲಿ ಎರಡು ಮುಖ: ಒಂದು ಸರ್ಕಾರದ ಕಟ್ಟೆಚ್ಚರದ ದೊಡ್ಡಿ, ಇನ್ನೊಂದು ಆಲಂಬಾಡಿ ತಳಿಯ ದನಗಳನ್ನು ಕಾಡಿನಲ್ಲಿ ಕೂಡುತ್ತಿದ್ದ ದೊಡ್ಡಿ. ಎರಡನೆಯದರಿಂದ ತಪ್ಪಿ ಹೊಲಕ್ಕೆ ನುಗ್ಗಿದ ದನ ಮೊದಲನೆಯದಕ್ಕೆ ಸೇರುತ್ತಿತ್ತು.

ಹೆಸರಿನ ತೊಡಕು ಬೇರೆ. ಮಾದಪ್ಪನ ಬೆಟ್ಟದ ನೆರಳಿನ ಊರುಗಳಲ್ಲಿ ಮಾದಪ್ಪ, ಮಾದೇವ, ಮಾದಮ್ಮ ಎಂದಷ್ಟೇ ಬರೆದರೆ ಯಾರೆಂದು ತಿಳಿಯುವುದು? 1970ರ ದಶಕದಲ್ಲಿ ಇಲ್ಲಿ ನೆಲೆಯಾದ ಟಿಬೆಟನ್ನರಲ್ಲಿಯೂ ತೆನ್‌ಜಿನ್ ಎಂಬವರು ಅನೇಕರು; ಮನೆತನದ ಹೆಸರು ಅವರಲ್ಲಿ ಸಾಮಾನ್ಯವಾಗಿ ಇಲ್ಲ. ತಂದೆಯ ಹೆಸರು, ಊರಿನವರು ಕರೆಯುವ ಅಡ್ಡಹೆಸರು, ದೂರವಾಣಿ ಸಂಖ್ಯೆ ಇವು ಕೂಡಿದರೆ ಮಾತ್ರ ವಿಳಾಸ ಪೂರ್ಣವಾದೀತು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯೊಡನೆ 12 ಅಂಕಿಗಳ ಕಿವಿಯೋಲೆಯನ್ನು ತೊಡಿಸಲಾಯಿತು. ಅದರಿಂದ ಒಡೆಯನು ಯಾರೆಂಬುದು ತಿಳಿಯುತ್ತದೆ. ದನ ಈ ರಾತ್ರಿ ಎಲ್ಲಿ ಮಲಗಿದೆ ಎಂಬುದು ತಿಳಿಯದು. ರೋಗ ಹರಡಿದಾಗ ಬೇಕಾಗುವುದು ಎರಡನೆಯದೇ.

ಆದರೆ ಮೇವಿನ ಸ್ಥಳವನ್ನು ಹೇಳಲು ಪಾಲಕರು ಹಿಂಜರಿಯುತ್ತಾರೆ. 2013ರಲ್ಲಿ ಈ ಅರಣ್ಯವು ಮಲೆ ಮಹದೇಶ್ವರ ವನ್ಯಜೀವಿಧಾಮವಾಯಿತು. 2025ರ ಜೂನ್‌ನಲ್ಲಿ ವಿಷವಿಕ್ಕಿದ ಹಸುವಿನ ಕಳೇಬರವನ್ನು ತಿಂದು ಇದೇ ಅರಣ್ಯದಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ಸತ್ತ ಹಸು ಯಾರದೆಂಬ ಪ್ರಶ್ನೆ ಆಗ ತನಿಖೆಯ ಪ್ರಶ್ನೆಯೇ ಆಯಿತು. ಇಂತಹ ಸನ್ನಿವೇಶದಲ್ಲಿ ವೈದ್ಯರ ಪುಸ್ತಕವೂ ಹಳೆಯ ದೊಡ್ಡಿಯ ಪುಸ್ತಕದಂತೆ ಕಂಡರೆ ಆಶ್ಚರ್ಯವಿಲ್ಲ. ನನ್ನ ಅಭಿಪ್ರಾಯದಲ್ಲಿ, ಬರೆದುಕೊಳ್ಳುವ ಮುನ್ನ ಅದು ಯಾತಕ್ಕೆ, ಯಾರು ಅದನ್ನು ನೋಡುವರು ಎಂಬೆರಡನ್ನೂ ಪಾಲಕನಿಗೆ ತಿಳಿಸತಕ್ಕದ್ದು. ಮೇವಿನ ಸ್ಥಳವನ್ನು ಚಿಕಿತ್ಸೆ ಮುಗಿದ ಮೇಲೆ ಕೇಳುವುದು ಲೇಸು.