ಅಂಗಡಿಯ ಬಾಕಿಯನ್ನು ಬ್ಯಾಂಕು ತೀರಿಸಿದಾಗ ತೋಟದ ಲೆಕ್ಕವನ್ನು ಬರೆಯುವ ಕ್ರಮ

ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪದ ಕಡೆಯ ಅಡಿಕೆ ತೋಟಗಾರರಿಗೆ ಗೊಬ್ಬರ, ಮೈಲುತುತ್ತ, ಸುಣ್ಣಗಳ ಖರ್ಚು ಮಳೆಗಾಲಕ್ಕೆ ಮೊದಲೇ ಒದಗುವುದು. ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆಯು ಹಣವಾಗುವುದು ಅನೇಕ ತಿಂಗಳುಗಳ ತರುವಾಯ. ಈ ನಡುವಣ ಅವಧಿಯನ್ನು ಹಿಂದೆ ಮಂಡಿಯ ಸಾಹುಕಾರನು ತುಂಬುತ್ತಿದ್ದನು. ಆತನು ಮುಂಗಡ ಕೊಟ್ಟು, ಬಡ್ಡಿ ಹಾಕಿ, ಫಸಲು ತನ್ನ ಮಂಡಿಗೇ ಬರತಕ್ಕದ್ದೆಂದು ಕರಾರು ಮಾಡಿಕೊಳ್ಳುತ್ತಿದ್ದನು. ಬಾಕಿ ಎಷ್ಟೆಂಬುದು ಅನೇಕ ವೇಳೆ ಆತನ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. 1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವೂ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಂಸ್ಥೆಯೂ ಸ್ಥಾಪಿತವಾದ ಮೇಲೆ ಬೆಳೆಗಾರರಿಗೆ ಬೇರೆ ದಾರಿ ದೊರೆಯಿತು.

ಈಗ ಗೊಬ್ಬರದಂಗಡಿಗೆ ಸಲ್ಲತಕ್ಕ ಹಣವನ್ನು ಬ್ಯಾಂಕಾಗಲಿ ಸಹಕಾರ ಸಂಘವಾಗಲಿ ನೇರವಾಗಿ ಸಲ್ಲಿಸಿ, ಕೊಂಡವನಿಂದ ಮುದ್ದತಿನ ಮೇಲೆ ಬಡ್ಡಿಸಹಿತ ವಸೂಲು ಮಾಡುವುದುಂಟು. ಅಂಗಡಿಯ ಚೀಟಿಯ ಮೇಲೆ 'ಪಾವತಿಯಾಗಿದೆ' ಎಂಬ ಮೊಹರನ್ನು ಕಂಡು ಋಣವೇ ತೀರಿತೆಂದು ಭಾವಿಸಿದರೆ ಹಾನಿಯು ಅಲ್ಲಿಂದಲೇ ಮೊದಲಾಗುತ್ತದೆ. ಹಣ ಕೇಳುವವನು ಬದಲಾಗಿದ್ದಾನೆ, ಅಷ್ಟೆ.

ಒಂದು ಲಕ್ಷ ರೂಪಾಯಿನ ಗೊಬ್ಬರವನ್ನು ಸಾಲವಾಗಿ ತಂದನೆಂದೂ, ಬ್ಯಾಂಕು ಅದನ್ನು ತೀರಿಸಿ ಆರು ತಿಂಗಳಿಗೆ ಶೇಕಡ 12ರ ವಾರ್ಷಿಕ ಬಡ್ಡಿ ಹಾಕಿತೆಂದೂ ಇಟ್ಟುಕೊಂಡರೆ, ಕೊಂಡ ದಿನ ಗೊಬ್ಬರದ ಬಾಬ್ತು 1,00,000 ಖರ್ಚು ಬರೆದು, ಅಂಗಡಿಯ ಖಾತೆಗೆ ಅಷ್ಟನ್ನೇ ಜಮಾ ಕಟ್ಟತಕ್ಕದ್ದು. ಬ್ಯಾಂಕು ಹಣ ಸಲ್ಲಿಸಿದ ದಿನ ಅಂಗಡಿಯ ಖಾತೆಯನ್ನು ಮುಗಿಸಿ, ಬ್ಯಾಂಕಿನ ಸಾಲದ ಖಾತೆಗೆ ಅದೇ ಮೊಬಲಗನ್ನು ಜಮಾ ಮಾಡಬೇಕು. ಮನೆಯ ಪೆಟ್ಟಿಗೆಯಿಂದ ಕಾಸೂ ಹೊರಟಿಲ್ಲವಾದ್ದರಿಂದ ನಗದು ಕಿರ್ದಿಯಲ್ಲಿ ಏನನ್ನೂ ಬರೆಯಕೂಡದು. ಬಡ್ಡಿಯ 6,000 ಪ್ರತ್ಯೇಕ ಬಾಬ್ತು. ಅದನ್ನು ಗೊಬ್ಬರಕ್ಕೆ ಸೇರಿಸಿ 1,06,000 ಎಂದು ಬರೆದರೆ ತೋಟದ ನಿಜವಾದ ಖರ್ಚೂ ತಿಳಿಯದು, ಸಾಲದ ಭಾರವೂ ತಿಳಿಯದು.

ಇದು ಸಣ್ಣ ಮಾತೆಂದು ತೋರಬಹುದು. ಆದರೆ 2018ರ ಜನವರಿಯಲ್ಲಿ ದಿವಾಳಿಯಾದ ಇಂಗ್ಲೆಂಡಿನ ಕ್ಯಾರಿಲಿಯನ್ ಎಂಬ ದೊಡ್ಡ ಕಟ್ಟಡ ಕಂಪನಿಯು ಇಂಥ ಬ್ಯಾಂಕು ಬಾಕಿಯನ್ನು ಸಾಲವೆಂದು ತೋರಿಸದಿದ್ದುದು ಬಹಳ ಚರ್ಚೆಗೆ ಬಂದಿತು. 2023ರಲ್ಲಿ ಅಂತಾರಾಷ್ಟ್ರೀಯ ಲೆಕ್ಕಪದ್ಧತಿ ಮಂಡಲಿಯು ಈ ಬಗೆಯ ಏರ್ಪಾಡುಗಳನ್ನು ಕಂಪನಿಗಳು ಬಹಿರಂಗಪಡಿಸಬೇಕೆಂದು ವಿಧಿಸಿತು.

ತೆರಿಗೆಯ ವಿಷಯ. ಬೇಸಾಯದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದಕಾರಣ ತೋಟಕ್ಕಾಗಿ ಮಾಡಿದ ಸಾಲದ ಬಡ್ಡಿಯನ್ನು ಗಿರಣಿಯ ಅಥವಾ ಅಂಗಡಿಯ ಲಾಭದಲ್ಲಿ ಕಳೆಯಲಾಗದು. ಗಿರಣಿ ನಡೆಸುವ ಜಮೀನುದಾರರಿಗೆ ಇನ್ನೊಂದು ಎಚ್ಚರಿಕೆಯುಂಟು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿಧಿಯ ಮೇರೆಗೆ, ಅತಿಸಣ್ಣ ಹಾಗೂ ಸಣ್ಣ ತಯಾರಕರಿಗೆ ಕರಾರಿಲ್ಲದಿದ್ದರೆ 15 ದಿನಗಳೊಳಗೆ, ಕರಾರಿದ್ದರೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲದಿದ್ದಲ್ಲಿ, ಆ ಖರ್ಚನ್ನು ಹಣ ಸಂದ ವರ್ಷದಲ್ಲಿಯೇ ಕಳೆಯಬೇಕಾಗುತ್ತದೆ. ಕೊಂಡು ಮಾರುವ ಬರಿಯ ವ್ಯಾಪಾರಿಗೆ ಈ ರಕ್ಷಣೆ ಇಲ್ಲ. ಗಿರಣಿಯ ಸಾಲದ ಬ್ಯಾಂಕು ಬಡ್ಡಿಯೂ ವಾಸ್ತವವಾಗಿ ಕಟ್ಟಿದಾಗಲೇ ಖರ್ಚೆನಿಸುವುದು. ಬಡ್ಡಿಯನ್ನು ಹೊಸ ಸಾಲವಾಗಿ ಮಾರ್ಪಡಿಸಿಕೊಂಡರೆ ಅದು ಪಾವತಿಯಲ್ಲ.

ಬ್ಯಾಂಕು ಹಣ ಸಲ್ಲಿಸಿದ ತಾರೀಖಿನ ಪತ್ರ, ಅಂಗಡಿಯವನ ಪೂರ್ಣ ಪಾವತಿಯ ರಸೀತಿ, ಸಾಲದ ಕರಾರಿನ ನಕಲು, ಈ ಮೂರನ್ನೂ ಒಂದೇ ಕಟ್ಟಿನಲ್ಲಿ ಇಟ್ಟು, ಅಡಿಕೆ ಮಾರಾಟದ ಪಟ್ಟಿ ಬಂದ ದಿನವೇ ಸಾಲದ ಖಾತೆಯೊಡನೆ ತಾಳೆ ನೋಡತಕ್ಕದ್ದು.