ಮೂರು ದನಿ, ಒಂದು ಗದ್ದಲ

ರಸ್ತೆ ಕಾಣುವ ಮೊದಲು ಪರದೆಯ ತುಂಬ ಕಾರಿನ ರೇಡಿಯೊ ಕಾಣುತ್ತದೆ. ಅದರ ತಿರುಪಿನ ಮೇಲೆ ಒಂದು ಕೈ. ಸ್ಟಿಯರಿಂಗ್ ತಿರುಗಿಸಿದರೆ ಹಾಡು ಬದಲಾಗುತ್ತದೆ: 'ಪ್ಯಾಸಿಂಗ್ ಬ್ರೀಜ್', 'ಸ್ಪ್ಲಾಷ್ ವೇವ್', 'ಮ್ಯಾಜಿಕಲ್ ಸೌಂಡ್ ಶವರ್'. ಮೂರರಲ್ಲಿ ಒಂದನ್ನು ಆರಿಸಿದ ಮೇಲೆಯೇ ಕೆಂಪು ಕಾರು ಹೊರಡುವುದು. 1986ರಲ್ಲಿ ಜಪಾನಿನ ಸೆಗಾ ಕಂಪನಿ ಆರ್ಕೇಡ್‌ಗಳಿಗೆ ತಂದ 'ಔಟ್ ರನ್' ಆಟಕ್ಕೆ ಹಾಡು ಅಷ್ಟು ಮುಖ್ಯವಾಗಿತ್ತು.

ಆಟ ಯು ಸುಜುಕಿಯವರದು, ಸಂಗೀತ ಹಿರೋಷಿ ಕವಾಗುಚಿಯವರದು. ಕವಾಗುಚಿ ಸೆಗಾ ಸೇರಿದ್ದು ಪ್ರೋಗ್ರಾಮರ್ ಆಗಿ. 1985ರ 'ಹ್ಯಾಂಗ್ ಆನ್' ಬೈಕ್ ಆಟದಿಂದ ಸಂಗೀತಕ್ಕೆ ತಿರುಗಿದರು. 'ಔಟ್ ರನ್' ಯಂತ್ರದಲ್ಲಿ ಅವರ ಕೈಗೆ ಧಾರಾಳವಾದ ಸಲಕರಣೆ ಸಿಕ್ಕಿತ್ತು. ಯಮಾಹಾದ ವೈಎಂ2151 ಚಿಪ್ ಎಂಟು ದನಿಗಳನ್ನು ಒಟ್ಟಿಗೆ ನುಡಿಸಬಲ್ಲದು. ಒಂದು ಅಲೆಯಿಂದ ಇನ್ನೊಂದನ್ನು ಅಲುಗಿಸುವ ಎಫ್ಎಂ ತಂತ್ರದಿಂದ ಅದು ಗಂಟೆ, ತುತ್ತೂರಿ, ಬೇಸ್ ಗಿಟಾರಿನಂಥ ನಾದ ಹೊರಡಿಸುತ್ತದೆ. ಜೊತೆಗೆ ಧ್ವನಿಮುದ್ರಿತ ಡ್ರಮ್ಮು, ತಾಳವಾದ್ಯಗಳಿಗೆ 16 ಚಾನೆಲ್‌ಗಳ ಇನ್ನೊಂದು ಚಿಪ್.

ಮರುವರ್ಷ, 1987ರಲ್ಲಿ, ಇದೇ ಆಟ ಮನೆಯ ಟಿವಿಗೆ ಜೋಡಿಸುವ ಮಾಸ್ಟರ್ ಸಿಸ್ಟಂಗೆ ಬಂತು. ಅಲ್ಲಿದ್ದ ಧ್ವನಿ ಚಿಪ್‌ಗೆ ಬರುತ್ತಿದ್ದುದು ಮೂರು ಚೌಕ ಅಲೆಗಳು ಮತ್ತು 'ಶ್' ಎನ್ನುವ ಒಂದು ಗದ್ದಲ. ಪ್ರತಿ ದನಿಯ ಸದ್ದಿಗೂ 16 ಮೆಟ್ಟಿಲುಗಳ ಏರಿಳಿತ, ಅಷ್ಟೇ. ಟೈರಿನ ಕಿರುಚು, ಡಿಕ್ಕಿಯ ಸದ್ದು ಕೂಡ ಈ ನಾಲ್ಕರಲ್ಲೇ ಜಾಗ ಮಾಡಿಕೊಳ್ಳಬೇಕು.

ಅದಕ್ಕಿಂತ ದೊಡ್ಡ ತೊಡಕು ಬೇಸ್‌ನದು. ಈ ಚಿಪ್ ಸೆಕೆಂಡಿಗೆ ಸುಮಾರು 35.8 ಲಕ್ಷ ಬಾರಿ ಮಿಡಿಯುವ ಗಡಿಯಾರವನ್ನು ಭಾಗಿಸಿ ಸ್ವರ ಹುಟ್ಟಿಸುತ್ತದೆ. ಮೊದಲು 32ರಿಂದ, ಆಮೇಲೆ ಹೆಚ್ಚೆಂದರೆ 1023ರಿಂದ ಭಾಗಿಸಬಹುದು. ಹಾಗೆ ಸಿಗುವ ಅತಿ ಕೆಳಗಿನ ಸ್ವರ ಸುಮಾರು 109 ಹರ್ಟ್ಜ್. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಮಿಡಿಯುವುದು 41ರಲ್ಲಿ. ಅಂದರೆ ಕಾರು ಓಡಿದಷ್ಟೂ ಹೊತ್ತು ಎದೆಯೊಳಗೆ ಗುಂಯ್‌ಗುಡಬೇಕಾದ ನಾದಕ್ಕೆ ಇಲ್ಲಿ ನೆಲವೇ ಇಲ್ಲ; ಅದನ್ನು ಮೇಲಿನ ಸ್ಥಾಯಿಗೆ ಎತ್ತಿ ನುಡಿಸಬೇಕು. ಇನ್ನೊಂದು ಉಪಾಯವೂ ಇದೆ: ಗದ್ದಲದ ಚಾನೆಲ್ಲನ್ನು ಮೂರನೆಯ ದನಿಗೆ ಕಟ್ಟಿ ಇನ್ನೂ ಕೆಳಗಿನ ಸ್ವರ ಹೊರಡಿಸಬಹುದು. ಹಾಗೆ ಮಾಡಿದರೆ ಒಂದು ದನಿಯೂ ಹೋಯಿತು, ಡ್ರಮ್ಮೂ ಹೋಯಿತು.

ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್‌ಗಳ ಪಾಡೂ ಇದೇ. ಮೂರು ಸ್ವರ ಒಟ್ಟಿಗೆ ನುಡಿಸಿದರೆ ರಾಗಕ್ಕೆ ದನಿ ಉಳಿಯುವುದಿಲ್ಲ. ಆ ಕಾಲದ ಚಿಪ್ ಸಂಗೀತಗಾರರು ಕಂಡುಕೊಂಡ ದಾರಿ ಎಂದರೆ, ಕಾರ್ಡನ್ನು ಬಿಡಿಸಿ ಒಂದೇ ದನಿಯಲ್ಲಿ ಸ್ವರಗಳನ್ನು ಸರಸರನೆ ಒಂದರ ಹಿಂದೊಂದು ನುಡಿಸುವುದು. ಸೆಕೆಂಡಿಗೆ ಹತ್ತಾರು ಬಾರಿ ಹೀಗೆ ಸುತ್ತಿದರೆ ಕಿವಿಯೇ ಅವನ್ನು ಸೇರಿಸಿಕೊಂಡು ಕಾರ್ಡ್ ಎಂದು ಕೇಳುತ್ತದೆ. ಯಂತ್ರಕ್ಕೆ ಆಗದ್ದನ್ನು ಕೇಳುಗನ ಕಿವಿಯಿಂದ ಮಾಡಿಸಿಕೊಳ್ಳುವ ಈ ಜಾಣ್ಮೆಗೆ ನಾನು ತಲೆಬಾಗುತ್ತೇನೆ.

ಜಪಾನಿನ ಮಕ್ಕಳಿಗೆ ಅದೇ 1987ರಲ್ಲಿ ಇನ್ನೊಂದು ಅನುಕೂಲವಾಯಿತು. ಎಫ್ಎಂ ಸೌಂಡ್ ಯೂನಿಟ್ ಎಂಬ ಪೆಟ್ಟಿಗೆ ಜೋಡಿಸಿದರೆ, 15 ಸಿದ್ಧ ವಾದ್ಯಗಳುಳ್ಳ ಯಮಾಹಾದ ಇನ್ನೊಂದು ಚಿಪ್ ನುಡಿಯುತ್ತಿತ್ತು. ಹೊರದೇಶಗಳಿಗೆ ಆ ಭಾಗ್ಯ ಬರಲಿಲ್ಲ. 1991ರಲ್ಲಿ ಸೆಗಾದ ಮುಂದಿನ ಮನೆಯಂತ್ರ ಮೆಗಾ ಡ್ರೈವ್‌ಗೆ ಆಟ ಬಂದಾಗ ಆರು ಎಫ್ಎಂ ದನಿಗಳು ಸಿಕ್ಕವು. ನಾದ ಆರ್ಕೇಡಿಗೆ ಹತ್ತಿರವಾಯಿತು, 'ಸ್ಟೆಪ್ ಆನ್ ಬೀಟ್' ಎಂಬ ಹೊಸ ಹಾಡೂ ರೇಡಿಯೊಗೆ ಸೇರಿತು.

ಆದರೂ ನಾನು ಮತ್ತೆ ಮತ್ತೆ ಕೇಳುವುದು ಆ ಮೂರು ದನಿಯ ರೂಪವನ್ನೇ. ಅದರಲ್ಲಿ ತುತ್ತೂರಿಯ ಹೊಳಪಿಲ್ಲ, ಡ್ರಮ್ಮಿನ ತೂಕವಿಲ್ಲ, ಬೇಸ್‌ನ ಆಳವಿಲ್ಲ. ಆದರೆ 'ಮ್ಯಾಜಿಕಲ್ ಸೌಂಡ್ ಶವರ್' ಶುರುವಾದ ಕೂಡಲೇ ಗುರುತು ಹತ್ತುತ್ತದೆ, ಕಾಲು ತಾನಾಗಿಯೇ ತಾಳ ಹಾಕುತ್ತದೆ. ಹಾಡಿನಿಂದ ಯಾವುದನ್ನು ಬಿಟ್ಟರೂ ಹಾಡು ಉಳಿಯುತ್ತದೆ, ಯಾವುದನ್ನು ಬಿಡಬಾರದು ಎಂದು ಆ ಪುಟ್ಟ ಚಿಪ್‌ನ ಮುಂದೆ ಕೂತು ಯಾರೋ ಸ್ವರಸ್ವರವನ್ನೂ ತೂಗಿ ನೋಡಿದ್ದಾರೆ. ಕವಾಗುಚಿಯವರ ರಾಗ ಎಷ್ಟು ಗಟ್ಟಿಯೆಂಬುದು ನನಗೆ ತಿಳಿದದ್ದು ಆರ್ಕೇಡಿನ ಅಬ್ಬರದಲ್ಲಲ್ಲ, ಈ ಬಡತನದಲ್ಲಿ.