ಕೂದಲೆಳೆಯ ಅಂತರದಲ್ಲಿ ಪಿನ್‌ಬಾಲ್ ಯಂತ್ರದ ಲೆಕ್ಕ

ಉಕ್ಕಿನ ಗುಂಡು ಗುರಿಗೆ ನೇರವಾಗಿ ಬಡಿಯುತ್ತದೆ. ಆಟಗಾರನಿಗೆ 50 ಅಂಕ ಸಲ್ಲಬೇಕು. ಯಂತ್ರದ ಹೊಟ್ಟೆಯೊಳಗಿನ ಮೋಟಾರು ಗುರುಗುಟ್ಟುತ್ತಾ ತನ್ನ ಪಾಲಿನ ಸುತ್ತನ್ನು ಮುಗಿಸುತ್ತದೆ. ಆದರೆ ಅಂಕಫಲಕದಲ್ಲಿ ಏರುವುದು ಕೇವಲ 10. ಆಟಗಾರನ ಕೈಚಳಕದಲ್ಲಿ ಲೋಪವಿಲ್ಲ, ಮೋಟಾರಿನಲ್ಲೂ ದೋಷವಿಲ್ಲ. ಇವೆರಡರ ನಡುವೆ ಕುಳಿತಿರುವ ಬೆಂಕಿಪೆಟ್ಟಿಗೆ ಗಾತ್ರದ ಒಂದು ಸಾಧನ, ತಾನು ನೆನಪಿಡಬೇಕಾದುದನ್ನು ಅರೆಕ್ಷಣದಲ್ಲಿ ಮರೆತುಬಿಟ್ಟಿದೆ. ಅದೇ ರಿಲೇ.

ಗಾಜಿನ ಹೊದಿಕೆಯಡಿಯ ಇಳಿಜಾರು ಹಲಗೆಯ ಮೇಲೆ ಗುಂಡನ್ನು ಪುಟಿಸಿ ಆಡುವ ಪಿನ್‌ಬಾಲ್ ಆಟಕ್ಕೆ ಅಮೆರಿಕದ ಷಿಕಾಗೋ ನಗರವೇ ತವರು. ಗಾಟ್‌ಲೀಬ್, ಬ್ಯಾಲಿ, ವಿಲಿಯಮ್ಸ್ ಎಂಬ ಹೆಸರಾಂತ ತಯಾರಕರೆಲ್ಲ ಅಲ್ಲಿಯೇ ಬೆಳೆದವರು. 1947ರಲ್ಲಿ ಗಾಟ್‌ಲೀಬ್ ಹೊರತಂದ 'ಹಂಪ್ಟಿ ಡಂಪ್ಟಿ' ಯಂತ್ರದಲ್ಲಿ ಗುಂಡನ್ನು ಮರಳಿ ಮೇಲಕ್ಕೆ ಹೊಡೆಯುವ ಫ್ಲಿಪ್ಪರ್‌ಗಳು ಕಾಣಿಸಿಕೊಂಡ ಮೇಲೆ ಆಟದ ಸ್ವರೂಪವೇ ಬದಲಾಯಿತು. 1970ರ ದಶಕದ ಕೊನೆಯಲ್ಲಿ ಮೈಕ್ರೋಪ್ರೊಸೆಸರ್ ಬರುವವರೆಗೂ ಈ ಯಂತ್ರಗಳಲ್ಲಿ ಚಿಪ್ ಎಂಬುದೇ ಇರಲಿಲ್ಲ. ಎಷ್ಟನೆಯ ಗುಂಡು, ಯಾರ ಸರದಿ, ಎಷ್ಟು ಅಂಕ ಎಂಬ ಲೆಕ್ಕವನ್ನೆಲ್ಲ ರಿಲೇಗಳು, ಹಂತಹಂತವಾಗಿ ಚಲಿಸುವ ಚಕ್ರಗಳು ಹಾಗೂ 'ಸ್ಕೋರ್ ಮೋಟಾರ್' ಎಂಬ ತಿರುಗುಯಂತ್ರ ಸೇರಿ ನಿಭಾಯಿಸುತ್ತಿದ್ದವು.

ಅಂದಿನ ಯಂತ್ರಗಳನ್ನು ಉಳಿಸಿಕೊಳ್ಳುವವರು ಇಂದಿಗೂ ಇದ್ದಾರೆ. ಆದರೆ ಅವುಗಳ ನಿಜವಾದ ಶತ್ರು ವಯಸ್ಸಲ್ಲ, ಅವಸರದ ರಿಪೇರಿ. ದಶಕಗಳ ಕಾಲ ದುಡಿದ ರಿಲೇ ಒಂದೇ ಸಂಜೆಯ ಅತ್ಯುತ್ಸಾಹಕ್ಕೆ ಬಲಿಯಾಗುವುದುಂಟು.

ರಿಲೇಯ ನೆನಪಿನ ಗುಟ್ಟು

ರಿಲೇಯ ರಚನೆ ಸರಳವಾದುದು. ಮೃದು ಕಬ್ಬಿಣದ ಅಚ್ಚಿಗೆ ತಾಮ್ರದ ತಂತಿಯ ಸುರುಳಿ ಸುತ್ತಿರುತ್ತದೆ. ವಿದ್ಯುತ್ ಹರಿದಾಗ ಅಚ್ಚು ಅಯಸ್ಕಾಂತವಾಗಿ ಎದುರಿನ ಕಬ್ಬಿಣದ ಫಲಕವನ್ನು ಸೆಳೆಯುತ್ತದೆ. ಆ ಫಲಕ ಬಳುಕುವ ಲೋಹದ ಪಟ್ಟಿಗಳನ್ನು ತಳ್ಳುತ್ತದೆ. ಪಟ್ಟಿಗಳ ತುದಿಯಲ್ಲಿರುವ ಗುಂಡುಸೂಜಿಯ ತಲೆಯಂಥ ಪಾಯಿಂಟುಗಳು ಕೂಡುತ್ತವೆ, ಇಲ್ಲವೇ ಅಗಲುತ್ತವೆ. ವಿದ್ಯುತ್ ನಿಂತೊಡನೆ ಸ್ಪ್ರಿಂಗು ಫಲಕವನ್ನು ಹಿಂದಕ್ಕೆಳೆಯುತ್ತದೆ.

ಗುಂಡು ಗುರಿಗೆ ತಾಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಆದರೆ 50 ಅಂಕವನ್ನು ಹತ್ತರಂತೆ ಐದು ಬಾರಿ ಎಣಿಸಲು ಸ್ಕೋರ್ ಮೋಟಾರಿಗೆ ಅದಕ್ಕಿಂತ ಹೆಚ್ಚಿನ ಸಮಯ ಬೇಕು. ಅಷ್ಟು ಹೊತ್ತು ಆ ಹೊಡೆತವನ್ನು ನೆನಪಿಡುವವರಾರು? ಇಲ್ಲಿದೆ ರಿಲೇಯ ಜಾಣ್ಮೆ. ತಾನು ಎಳೆದುಕೊಂಡ ಕೂಡಲೇ ತನ್ನದೇ ಒಂದು ಜೋಡಿ ಪಾಯಿಂಟುಗಳ ಮೂಲಕ ಅದು ತನ್ನ ಸುರುಳಿಗೆ ವಿದ್ಯುತ್ತನ್ನು ಒದಗಿಸಿಕೊಳ್ಳುತ್ತದೆ. ಗುಂಡು ಗುರಿಯನ್ನು ಬಿಟ್ಟು ಹೋದರೂ ರಿಲೇ ಬಿಡುವುದಿಲ್ಲ. ಎಣಿಕೆ ಮುಗಿದಾಗ ಮೋಟಾರಿನ ಸ್ವಿಚ್ಚೊಂದು ಆ ದಾರಿಯನ್ನು ಕಡಿದ ಮೇಲಷ್ಟೇ ಅದಕ್ಕೆ ಬಿಡುಗಡೆ.

ಈ ಹಿಡಿತದ ಪಾಯಿಂಟಿಗೆ ಮಸಿ ಹಿಡಿದರೆ ರಿಲೇ ಒಮ್ಮೆ ಸೆಳೆದು ಕೈಬಿಡುತ್ತದೆ. ಮೋಟಾರು ತನ್ನ ಸುತ್ತನ್ನು ಮುಗಿಸುತ್ತದೆ, ಆದರೆ ಎಣಿಕೆ ನಡೆಯುವುದಿಲ್ಲ. 50ರ ಜಾಗದಲ್ಲಿ 10 ಬರುವುದು ಹೀಗೆ.

ಎರಡು ಸುರುಳಿಗಳುಳ್ಳ ಇನ್ನೊಂದು ಬಗೆಯ ರಿಲೇಯೂ ಇದೆ. ಒಂದು ಸುರುಳಿ ಅದನ್ನು ಒಂದು ಸ್ಥಿತಿಗೆ ತಂದರೆ, ಮತ್ತೊಂದು ಹಿಂದಿರುಗಿಸುತ್ತದೆ. ನಡುವೆ ವಿದ್ಯುತ್ ಹೋದರೂ ಕೊಂಡಿಯ ಬಲದಿಂದ ಅದು ಇದ್ದಲ್ಲೇ ಇರುತ್ತದೆ.

ಈ ಕುಟುಂಬದ ಯಂತ್ರಗಳು ಕರ್ನಾಟಕಕ್ಕೆ ಅಪರಿಚಿತವಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ ಕಾರ್ಖಾನೆ ತಯಾರಿಸುತ್ತಿದ್ದ ಸ್ಟ್ರೌಜರ್ ಮಾದರಿಯ ದೂರವಾಣಿ ವಿನಿಮಯ ಕೇಂದ್ರಗಳೂ ಇಂಥದೇ ರಿಲೇಗಳ ಟಕಟಕ ಸದ್ದಿನಲ್ಲಿ ಕರೆಗಳನ್ನು ಜೋಡಿಸುತ್ತಿದ್ದವು. ಪಟ್ಟಿಗಳ ಬಿಗಿತ, ಅಂತರಗಳನ್ನು ಹೊಂದಿಸುವ ಕೆಲಸ ಅಲ್ಲಿನ ತಂತ್ರಜ್ಞರಿಗೂ ನಿತ್ಯದ ಪಾಠವಾಗಿತ್ತು.

ಮೊದಲು ನಕ್ಷೆ, ಆಮೇಲೆ ಅರ

ಒಂದು ಯಂತ್ರದಲ್ಲಿ ಹತ್ತಾರು ರಿಲೇಗಳೂ ನೂರಾರು ಪಾಯಿಂಟುಗಳೂ ಇರುತ್ತವೆ. ಒಂದು ಲೆಕ್ಕ ತಪ್ಪಿತೆಂದು ಎಲ್ಲವನ್ನೂ ಉಜ್ಜಲು ಹೊರಡುವುದು, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಪ್ರತಿಯೊಂದು ಮಾದರಿಗೂ ತಯಾರಕರು ವಿದ್ಯುತ್ ನಕ್ಷೆಯನ್ನು ಒದಗಿಸುತ್ತಿದ್ದರು. ಯಾವ ರಿಲೇ ಯಾವಾಗ ಎಳೆಯಬೇಕು, ಅದರ ಸುರುಳಿಗೆ ವಿದ್ಯುತ್ ಯಾವ ಯಾವ ಸ್ವಿಚ್ಚುಗಳನ್ನು ದಾಟಿ ಬರುತ್ತದೆ ಎಂಬುದನ್ನು ಅದರಲ್ಲಿ ಬೆರಳಿಟ್ಟು ಹಿಂಬಾಲಿಸಬಹುದು. ತಂತಿಗಳ ಬಣ್ಣಗಳೂ ದಾರಿ ತೋರಿಸುತ್ತವೆ.

ಉದಾಹರಣೆಗೆ, ಹೊಸ ಆಟ ಆರಂಭಿಸಲು ಗುಂಡಿ ಒತ್ತಿದಾಗ ಸ್ಕೋರ್ ಮೋಟಾರು ತಿರುಗುತ್ತಲೇ ಇದ್ದು ನಿಲ್ಲದಿದ್ದರೆ, ಮರುಹೊಂದಿಕೆಯ ರಿಲೇ ಎಳೆದುಕೊಂಡೇ ಇರುವುದು ಕಾಣುತ್ತದೆ. ಅನನುಭವಿ ಆ ರಿಲೇಯನ್ನೇ ಬಿಚ್ಚುತ್ತಾನೆ. ವಾಸ್ತವದಲ್ಲಿ ಅಂಕದ ಚಕ್ರಗಳೆಲ್ಲ ಸೊನ್ನೆಗೆ ಬರುವವರೆಗೆ ಕಾಯುವುದೇ ಆ ರಿಲೇಯ ಕರ್ತವ್ಯ. ಒಂದು ಚಕ್ರದ ಸೊನ್ನೆಯ ಸ್ವಿಚ್ಚು ಸರಿಯಾಗಿ ತೆರೆಯದಿದ್ದರೆ 'ಕೆಲಸ ಮುಗಿಯಿತು' ಎಂಬ ಸುದ್ದಿ ಅದಕ್ಕೆ ತಲುಪುವುದೇ ಇಲ್ಲ. ತಪ್ಪು ಚಕ್ರದ್ದು, ಶಿಕ್ಷೆ ರಿಲೇಗೆ!

ಹೊಂದಿಸುವ ಕ್ರಮ

ಯಂತ್ರದೊಳಗೆ ಕೈಯಿಡುವ ಮುನ್ನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡುವುದು ಕಡ್ಡಾಯ. ರಿಲೇಗಳಿಗೆ ಹರಿಯುವುದು ಗಾಟ್‌ಲೀಬ್‌ನ ಅನೇಕ ಯಂತ್ರಗಳಲ್ಲಿ ಸುಮಾರು 24 ವೋಲ್ಟ್, ಬೇರೆ ಕೆಲವು ತಯಾರಕರಲ್ಲಿ 50 ವೋಲ್ಟ್ ಮಾತ್ರವಾದರೂ, ಟ್ರಾನ್ಸ್‌ಫಾರ್ಮರಿನವರೆಗೆ ಬರುವುದು ಮನೆಯ ವಿದ್ಯುತ್ತೇ. ಯಂತ್ರವನ್ನು ಸ್ವಿಚ್ಚಿನಲ್ಲಿ ಆರಿಸಿದರೂ ಅಲ್ಲಿ ವಿದ್ಯುತ್ ಉಳಿದಿರಬಹುದು.

ನಂತರ ಪಟ್ಟಿಗಳ ಬುಡವನ್ನು ಹಿಡಿದಿರುವ ತಿರುಪುಗಳನ್ನು ಬಿಗಿಗೊಳಿಸಬೇಕು. ಪಟ್ಟಿಗಳ ನಡುವಿನ ನಿರೋಧಕ ಬಿಲ್ಲೆಗಳು ಕಾಲಕ್ರಮೇಣ ಕುಗ್ಗುವುದರಿಂದ ಇಡೀ ಜೋಡಣೆಯೇ ಸಡಿಲವಾಗಿರುತ್ತದೆ. ಸಡಿಲ ಬುಡದ ಮೇಲೆ ಮಾಡಿದ ಹೊಂದಾಣಿಕೆ ನಾಲ್ಕು ದಿನವೂ ನಿಲ್ಲುವುದಿಲ್ಲ.

ಮೂರನೆಯದು ಶುಚಿ. ಬಿಳಿ ಕಾಗದದ ಸಣ್ಣ ಪಟ್ಟಿಯೊಂದನ್ನು ಪಾಯಿಂಟುಗಳ ನಡುವಿಟ್ಟು, ಅವನ್ನು ಮೆಲ್ಲಗೆ ಒತ್ತಿ, ಕಾಗದವನ್ನು ಎಳೆದರೆ ಕಪ್ಪು ಗೆರೆಯೇ ಸ್ಥಿತಿಯನ್ನು ಹೇಳುತ್ತದೆ. ಬಹಳಷ್ಟು ಸಲ ಇಷ್ಟೇ ಸಾಕು. ಸಾಲದಿದ್ದರೆ ಪಾಯಿಂಟಿಗೆಂದೇ ಇರುವ ತೆಳುವಾದ ಅರವನ್ನು ಎರಡು ಮೂರು ಬಾರಿ ಆಡಿಸಬಹುದು. ಹಳೆಯ ಸ್ಕೂಟರಿನ ಪಾಯಿಂಟನ್ನು ಉಜ್ಜುವಂತೆ ಎಮರಿ ಕಾಗದ ಹಾಕಿದರೆ ರಿಲೇಯ ಮೆದುವಾದ ಬೆಳ್ಳಿ ಸವೆದುಹೋಗುತ್ತದೆ, ಕಾಗದದ ಹರಳುಗಳು ಅಲ್ಲೇ ಉಳಿದು ಹೊಸ ತೊಡಕಾಗುತ್ತವೆ. ರಿಲೇಗೆ ಎಣ್ಣೆ ಬಿಡುವುದು, ತುಕ್ಕುನಿವಾರಕ ಸಿಂಪಡಿಸುವುದು ಸಲ್ಲದು. ಎಣ್ಣೆ ಧೂಳನ್ನು ಹಿಡಿಯುತ್ತದೆ. ಕಿಡಿ ಹಾರುವ ಜಾಗದಲ್ಲಿ ಉರಿಯುವ ದ್ರವ ಅಪಾಯಕ್ಕೆ ಆಹ್ವಾನ.

ಕೊನೆಯದು ಅಂತರ. ಫಲಕವನ್ನು ಬೆರಳಿನಿಂದ ಒತ್ತಿ ಬಿಡುತ್ತಾ, ಪಕ್ಕದಿಂದ ಬೆಳಕು ಹಿಡಿದು ನೋಡಬೇಕು. ತೆರೆದಿರುವಾಗ ಪಾಯಿಂಟುಗಳ ನಡುವೆ ಸುಮಾರು ಒಂದೂವರೆ ಮಿಲಿಮೀಟರ್ ಅಂತರವಿರಬೇಕು. ಕೂಡಿದ ಬಳಿಕವೂ ಎರಡು ಪಟ್ಟಿಗಳು ಜತೆಯಾಗಿ ಇನ್ನೂ ತುಸು ದೂರ ಬಾಗಬೇಕು. ಈ ಹೆಚ್ಚುವರಿ ಚಲನೆಯಲ್ಲಿ ಪಾಯಿಂಟುಗಳು ಒಂದರ ಮೇಲೊಂದು ಉಜ್ಜಿಕೊಂಡು ತಮ್ಮನ್ನು ತಾವೇ ಶುಚಿಗೊಳಿಸಿಕೊಳ್ಳುತ್ತವೆ. ಬರಿದೇ ಮುಟ್ಟುವ ಪಾಯಿಂಟು ಇಂದು ಕೆಲಸ ಮಾಡಿ ನಾಳೆ ಕೈಕೊಡುತ್ತದೆ.

ಅಂತರ ತಪ್ಪಿದ್ದರೆ, ಫಲಕ ತಳ್ಳುವ ಉದ್ದನೆಯ ಪಟ್ಟಿಯನ್ನು ಮುಟ್ಟದೆ ಅದರ ಎದುರಿನ ಗಿಡ್ಡ ಪಟ್ಟಿಯನ್ನು ಬಾಗಿಸುವುದು ಕ್ರಮ. ಅದನ್ನೂ ತುದಿಯಲ್ಲಲ್ಲ, ಬುಡದ ಬಳಿ, ಸೀಳುಳ್ಳ ಸಣ್ಣ ಸಲಕರಣೆಯಿಂದ, ಒಂದಿಷ್ಟೇ. ಇಕ್ಕಳದಿಂದ ನಡುವೆ ತಿರುಚಿದ ಪಟ್ಟಿ ತನ್ನ ಬಳುಕನ್ನು ಕಳೆದುಕೊಳ್ಳುತ್ತದೆ. ಪದೇ ಪದೇ ಬಾಗಿಸಿದರೆ ಮುರಿಯುತ್ತದೆ. ಒಂದು ಜೋಡಿಯನ್ನು ಸರಿಪಡಿಸಿದ ಮೇಲೆ ಅದೇ ರಿಲೇಯ ಉಳಿದ ಜೋಡಿಗಳನ್ನೂ ನೋಡಬೇಕು. ಒಂದರ ಬಿಗಿತ ಇನ್ನೊಂದರ ಚಲನೆಯನ್ನು ಕಸಿಯಬಲ್ಲದು.

ಸುರುಳಿ ಸುಟ್ಟರೆ

ಸುರುಳಿ ಕೆಡುವುದು ಕಡಿಮೆ. ಮಲ್ಟಿಮೀಟರಿನಿಂದ ಅಳೆದು ಪಕ್ಕದ ಅದೇ ಬಗೆಯ ಸುರುಳಿಯೊಂದಿಗೆ ಹೋಲಿಸಿದರೆ ಸತ್ಯ ತಿಳಿಯುತ್ತದೆ. ಎಷ್ಟೋ ಸಲ ತಂತಿ ತುಂಡಾಗಿರುವುದು ಬೆಸುಗೆಯ ತುದಿಯಲ್ಲಿ. ಒಂದು ಸುತ್ತು ಬಿಚ್ಚಿ ಮತ್ತೆ ಬೆಸೆದರೆ ರಿಲೇಗೆ ಜೀವ ಬರುತ್ತದೆ. ಸುರುಳಿಯ ಹೊದಿಕೆ ಕರಕಲಾಗಿದ್ದರೆ ಮಾತ್ರ ಎಚ್ಚರ ಬೇಕು. ಯಾವುದೋ ಸ್ವಿಚ್ಚು ಅಂಟಿಕೊಂಡು ಅದಕ್ಕೆ ಹೊತ್ತಲ್ಲದ ಹೊತ್ತಿನಲ್ಲೂ ವಿದ್ಯುತ್ ಹರಿಸಿದೆ ಎಂದೇ ಅರ್ಥ. ಆ ಕಾರಣವನ್ನು ಹುಡುಕದೆ ಹೊಸ ಸುರುಳಿ ಹಾಕಿದರೆ ಅದೂ ಸುಡುತ್ತದೆ. ಹೆಚ್ಚಿನ ಸಾಮರ್ಥ್ಯದ ಫ್ಯೂಸ್ ಹಾಕುವುದಂತೂ ಬೆಂಕಿಯೊಂದಿಗೆ ಸರಸ.

ಜಾಣ್ಮೆಗೆ ಸಿಗಬೇಕಾದ ನ್ಯಾಯ

1942ರಲ್ಲಿ ನ್ಯೂಯಾರ್ಕ್ ನಗರ ಪಿನ್‌ಬಾಲನ್ನು ಜೂಜೆಂದು ನಿಷೇಧಿಸಿತು. ಮೇಯರ್ ಲಾ ಗಾರ್ಡಿಯಾ ಅವರ ಆಡಳಿತದಲ್ಲಿ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಲಾಯಿತು. 1976ರಲ್ಲಿ ರೋಜರ್ ಶಾರ್ಪ್ ಎಂಬ ಯುವಕ ನಗರಸಭೆಯ ಸಮಿತಿಯ ಮುಂದೆ ಯಂತ್ರವನ್ನಿಟ್ಟುಕೊಂಡು, ಗುಂಡು ಎಲ್ಲಿಗೆ ಹೋಗುವುದೆಂದು ಮೊದಲೇ ಹೇಳಿ ಹಾಗೆಯೇ ಹೊಡೆದು ತೋರಿಸಿದ. ಇದು ಅದೃಷ್ಟದಾಟವಲ್ಲ, ಜಾಣ್ಮೆಯ ಆಟ ಎಂಬ ವಾದಕ್ಕೆ ಬಲ ಬಂದು ನಿಷೇಧ ತೆರವಾಯಿತು.

ರಿಪೇರಿಯ ಕೆಲಸದ ಮಹತ್ವವೂ ಇಲ್ಲಿಯೇ ಇದೆ. ಒಂದು ಪಾಯಿಂಟಿನ ಮಸಿಯಿಂದ 50 ಅಂಕ 10 ಆಗುವ ಯಂತ್ರದಲ್ಲಿ ಎಂಥ ನಿಪುಣನ ಆಟವೂ ಜೂಜೇ. ಆ ಕೂದಲೆಳೆಯ ಅಂತರವನ್ನು ತಾಳ್ಮೆಯಿಂದ ಸರಿಪಡಿಸುವವನು ಆಟಗಾರನ ಜಾಣ್ಮೆಗೆ ನ್ಯಾಯವನ್ನು ಮರಳಿಸುತ್ತಾನೆ. ಬೇಕಾದುದನ್ನಷ್ಟೇ ಮುಟ್ಟಿ, ಬೇಡದ್ದನ್ನು ಹಾಗೆಯೇ ಬಿಡುವುದು ಅವನ ಕಸುಬಿನ ಕಷ್ಟದ ಭಾಗ.